ರೂಪಾಯಿಯ ಗುರುತು

ನವೆಂಬರ್ 9, ಶನಿವಾರ

ಕೋಣೆಯ ಬಾಡಿಗೆ ಕಟ್ಟಿದ್ದಾಯಿತು. ಆದರೂ ಮನಸ್ಸಿಗೆ ಸಮಾಧಾನವಿಲ್ಲ.

ಈ ದೇಶಕ್ಕೆ ಹೊರಡುವ ಮುನ್ನ ನನ್ನ ತಮ್ಮ ಪಾಠ ಹೇಳಿಕೊಟ್ಟಿದ್ದ: “ಅಕ್ಕಾ, ಕಾರ್ಡ್ ಮೆಷೀನು ಎರಡು ಮೊತ್ತ ತೋರಿಸತ್ತೆ. ರೂಪಾಯೀಲಿ ಇರೋದನ್ನ ಮಾತ್ರ ಮುಟ್ಬೇಡ. ಲೆಕ್ಕ ಮಾಡಿಕೊಡೋ ನೆಪದಲ್ಲಿ ಕಮಿಷನ್ ಹೊಡೀತಾರೆ. ಅಲ್ಲಿನ ದುಡ್ಡನ್ನೇ ಒತ್ತು.”

ನಾನು ಮರೆತಿರಲಿಲ್ಲ. ಆದರೆ ವಾರದಿಂದ ಗ್ರಂಥಾಲಯದಲ್ಲಿ ಹಳೆಯ ಕನ್ನಡ ಕವಿತೆಗಳ ಹಸ್ತಪ್ರತಿಗಳನ್ನು ಓದುತ್ತಿದ್ದೇನೆ. ಅಲ್ಲಿ ಯಾರೂ ಮಾತಾಡುವಂತಿಲ್ಲ. ಹೊರಗೆ ಬಂದರೆ ನನಗೆ ಇವರ ಭಾಷೆ ಬಾರದು. ಸಂಜೆ ಮನೆಯೊಡತಿ ಮೆಷೀನನ್ನು ನನ್ನತ್ತ ತಿರುಗಿಸಿದಳು. ಅರ್ಥವಾಗದ ಅಕ್ಷರಗಳ ನಡುವೆ ರೂಪಾಯಿಯ ಗುರುತು ಕಂಡಿತು. ಗುರುತಿಲ್ಲದ ಗುಂಪಿನಲ್ಲಿ ನಮ್ಮ ಬೀದಿಯವರು ಸಿಕ್ಕ ಹಾಗಾಯಿತು. ಬೆರಳು ತಾನಾಗಿಯೇ ಅಲ್ಲಿಗೆ ಹೋಯಿತು. ಚೀಟಿ ಹೊರಬಂದ ಮೇಲೆಯೇ ನನಗೆ ಎಚ್ಚರವಾದದ್ದು. ನಾಳೆಯ ಊಟದಷ್ಟು ದುಡ್ಡು ಸುಮ್ಮನೆ ಹೋಯಿತು. ಮನೆಯೊಡತಿ ನಕ್ಕು ಏನೋ ಹೇಳಿದಳು, ನಾನೂ ನಕ್ಕೆ.

ಆಮೇಲೆ ತಮ್ಮನ ಫೋನು.

“ಬಾಡಿಗೆ ಕಟ್ಟಿದ್ಯಾ? ಯಾವ್ದು ಒತ್ತಿದೆ?”

“ಇಲ್ಲಿನ ದುಡ್ಡೇ ಕಣೋ. ನನ್ನೇನು ದಡ್ಡಿ ಅಂದ್ಕೊಂಡ್ಯಾ?”

“ಪರ್ವಾಗಿಲ್ವೇ! ಕವಿತೆ ಓದೋರಿಗೂ ಲೆಕ್ಕ ತಲೆಗೆ ಹತ್ತತ್ತೆ. ಸರಿ, ಮಲಕ್ಕೋ.”

ಇಟ್ಟೇಬಿಟ್ಟ.

ನಿಜ ಹೇಳಿದ್ದರೆ ಬೈಯುತ್ತಿದ್ದ. ಮೊದಲಿನಿಂದ ಎಲ್ಲ ಬಿಡಿಸಿ ಹೇಳಿ, ನಡುವೆ ಹೆಂಡತಿಯನ್ನೂ ಕರೆದು “ಕೇಳಿಲ್ಲಿ, ನಿಮ್ಮತ್ತಿಗೆ ಏನು ಮಾಡಿದಾಳೆ” ಎಂದು ಅವಳನ್ನೂ ನಗಿಸಿ, ಮತ್ತೆ ಬೈಯುತ್ತಿದ್ದ. ಬಹಳ ಹೊತ್ತು, ಕನ್ನಡದಲ್ಲಿ ಬೈಯುತ್ತಿದ್ದ. ಹೇಳಿಬಿಡಬೇಕಿತ್ತು.