ಕಾರಿಗೆ ಹಾಕಿದ ಕೀಲೆಣ್ಣೆ

ಸಾಲಗಾಮೆ
೧೨-೨-೧೯೫೯

ಅಣ್ಣಾ,

ನಾವೆಲ್ಲ ಚೆನ್ನಾಗಿದ್ದೇವೆ. ನೀನು ಮಿಲಿಟರಿಗೆ ಹೋಗುವಾಗ ಕೊಟ್ಟಿಗೆಯಲ್ಲಿ ಬಿಟ್ಟುಹೋದ ಎರಡು ಸೀಟಿನ ಇಂಗ್ಲಿಷ್ ಕಾರೂ ಈಗ ಚೆನ್ನಾಗಿದೆ. ಮುಂದಿನ ಚಕ್ರದ ಕೀಲುಗಳು ಹಿಡಿದುಕೊಂಡು ಸ್ಟೀರಿಂಗ್ ತಿರುಗುತ್ತಲೇ ಇರಲಿಲ್ಲ. ನಿನ್ನೆ ಹಾಸನದಿಂದ ಮೆಕ್ಯಾನಿಕ್ ಪುಟ್ಟರಾಜು ಬಂದು, ಅವನ್ನು ಬೆಳಗಿನಿಂದ ಸೀಮೆಎಣ್ಣೆಯಲ್ಲಿ ನೆನೆಸಿ, ಸಂಜೆ ಸುತ್ತಿಗೆಯಲ್ಲಿ ಬಡಿದು ಬಿಡಿಸಿದ. ಒಳಗೆ ಅಂಟಿದ್ದ ಕಪ್ಪನ್ನು ಮೂಸಿ ನೋಡಿ ಅಪ್ಪನಿಗೆ ಹೇಳಿದ:

"ಇದು ಎತ್ತಿನ ಗಾಡಿ ಕೀಲೆಣ್ಣೆ ಕಣ್ ಸಾ! ಅರಳೆಣ್ಣೆಗೆ ಉಲ್ಲು ಸುಟ್ಟ ಕರಿ ಕಲಸಿರೋದು. ಗಟ್ಟಿಯಾಗಿ ಕಚ್ಕೊಂಬುಟ್ಟದೆ. ಯಾರು ತುಂಬಿದ್ದು?"

ನಮ್ಮ ಗಾಡಿ ಹೊಡೆಯುವ ಬೋರಪ್ಪ ನನ್ನ ಮುಖ ನೋಡಿದ. ಆಮೇಲೆ, "ನಾನೇ ಬುದ್ಧಿ. ಗೊತ್ತಾಗ್ನಿಲ್ಲ" ಅಂದ. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದರು ಅಪ್ಪ. ನಾನು ಕಾಫಿ ತರುವ ನೆಪ ಮಾಡಿಕೊಂಡು ಒಳಗೆ ಹೋದೆ.

"ಕೀಲುಗಳಿಗೆ ತಪ್ಪದೆ ಎಣ್ಣೆ ಹಾಕಿಸು" ಎಂದು ನೀನು ಬರೆದಿದ್ದೆಯಲ್ಲ, ಯಾವ ಎಣ್ಣೆ ಎಂದು ಬರೆದಿರಲಿಲ್ಲ. ಕೀಲಿಗೆ ಅಂದರೆ ನಮ್ಮ ಮನೆಯಲ್ಲಿ ಇರುವುದು ಒಂದೇ ಎಣ್ಣೆ. "ಕಾರ್‌ಗೂ ಇದೇ ಆಯ್ತದಾ ಅವ್ವಾರೆ?" ಎಂದು ಬೋರಪ್ಪ ಆಗಲೇ ಕೇಳಿದ್ದ. ಹೇಳಿದಷ್ಟು ಮಾಡು ಅಂದಿದ್ದೆ ನಾನು.

ನಿನ್ನ ಮಾತಾದರೆ ಅಪ್ಪ ಕೇಳುತ್ತಾರೆ. ಬೋರಪ್ಪನನ್ನು ಬಿಡಿಸಬೇಡಿ ಎಂದು ಕೂಡಲೇ ಒಂದು ಕಾಗದ ಹಾಕು. ಇವತ್ತೂ ಅವನು ಬೆಳಿಗ್ಗೆ ಬಂದು, ಎತ್ತುಗಳಿಗೆ ನೀರು ಕುಡಿಸಿ ಹೋದ.

ನಿನ್ನ ತಂಗಿ,
ಅನಸೂಯ

ಅಪ್ಪನಿಗೆ ಬರೆಯುವಾಗ ನನ್ನ ಹೆಸರು ಮಾತ್ರ ಎತ್ತಬೇಡ.