ಗೋಣಿ ಸುತ್ತಿದ ಪೈಪು

ವೇಣೂರು
15-11-1981

ಚಿ. ಸೌ. ಪ್ರೇಮಾವತಿಗೆ ದೊಡ್ಡ ಮಾವನ ಆಶೀರ್ವಾದಗಳು.

ನಾವಿಲ್ಲಿ ಗಟ್ಟಿಮುಟ್ಟಾಗಿದ್ದೇವೆ. ಆ ಶಿಮ್ಲಾದ ಚಳಿಯಲ್ಲಿ ನೀನು, ನಿನ್ನ ಯಜಮಾನರು, ಹೊಟ್ಟೆಯಲ್ಲಿರುವ ಪುಟ್ಟ ಯಜಮಾನ ಮೂವರೂ ಬೆಚ್ಚಗಿರಬೇಕು. ನಿನ್ನ ಕಾರ್ಡು ದೀಪಾವಳಿಗೆ ಮೊದಲೇ ಕೈಸೇರಿತ್ತು. ಉತ್ತರ ತಡವಾದದ್ದಕ್ಕೆ ಬೇಸರಿಸಬೇಡ. ಪೆನ್ನು ಹಿಡಿಯಲು ಪುರುಸೊತ್ತು ಇರಲಿಲ್ಲ, ಕೈತುಂಬ ಪೈಪು ಇತ್ತು.

ಹೌದು, ನಮ್ಮ ಮನೆಗೂ ಪೈಪು ಬಂತು! ಗುಡ್ಡದ ಒರತೆಯಿಂದ ಹೊರಟು ಸೀದಾ ಬಚ್ಚಲುಮನೆಯ ಹಂಡೆಯ ಬಾಯಿಗೆ. ಪ್ರತಿವರ್ಷ ಮಳೆ ನಿಂತ ಮೇಲೆ ಅಡಕೆಮರ ಸೀಳಿ ದಂಬೆ ಇಟ್ಟು ನೀರು ತರುತ್ತಿದ್ದೆವಲ್ಲ, ಅದರಲ್ಲಿ ಅರ್ಧ ನೀರು ದಾರಿಯಲ್ಲೇ ಸೋರಿ ಕೆಸುವಿನ ಗಿಡಗಳ ಪಾಲಾಗುತ್ತಿತ್ತು. ಈ ಚಳಿಗಾಲಕ್ಕೆ ಅದು ಸಾಲದು. ಜನವರಿಯಲ್ಲಿ ಹೆರಿಗೆ ಎಂದರೆ ಬಾಣಂತಿಗೆ ಹಂಡೆ ತುಂಬ ಬಿಸಿನೀರು ಬೇಕು, ಮಗುವಿಗೆ ಬೇರೆ. ಮಡಂತ್ಯಾರಿನ ಹನೀಫಾ ಕಪ್ಪು ಪೈಪು ತಂದು ಜೋಡಿಸಿದ. ಜೋಡಿಸಿದ್ದು ಅವನು, ಬುದ್ಧಿ ನನ್ನದು. ಮಂಗಳೂರಿನ ಇಂಜಿನಿಯರು ಬಂದರೂ ಇಂಥ ಇಳಿಜಾರು ಹುಡುಕಲಾರ. ಆರನೆಯ ಕ್ಲಾಸಿಗೆ ಶಾಲೆ ಬಿಟ್ಟವನ ಕಣ್ಣಳತೆ ಇದು!

ಚಳಿಗೆ ಮೊದಲು ಅಲ್ಲಿ ಪೈಪುಗಳಿಗೆ ಗೋಣಿ ಸುತ್ತುತ್ತಾರೆ, ಇಲ್ಲದಿದ್ದರೆ ನೀರು ಗಟ್ಟಿಯಾಗಿ ಪೈಪು ಒಡೆಯುತ್ತದೆ ಎಂದು ನೀನು ಬರೆದಿದ್ದೆಯಲ್ಲ. ಎರಡೇ ಸಾಲು, ಆದರೂ ನನಗೆ ಅಷ್ಟು ಸಾಕು. ನಾನೂ ಬೈಹುಲ್ಲು ಇಟ್ಟು ಮೇಲಿನಿಂದ ಗೋಣಿ ಸುತ್ತಿದೆ. ಹನೀಫಾ ಗುಡ್ಡದಲ್ಲಿ ಕುಳಿತು ನಕ್ಕದ್ದೇ ನಕ್ಕದ್ದು.

"ಶೆಟ್ರೇ, ವೇಣೂರಿನಲ್ಲಿ ನೀರು ಗಟ್ಟಿಯಾಗುವುದುಂಟಾ? ಇದಕ್ಕೊಂದು ಮಂಕಿಟೊಪ್ಪಿಯನ್ನೂ ಹಾಕಿ ಮಾರಾಯ್ರೆ!"

"ನಿನಗೇನು ಗೊತ್ತು? ಶಿಮ್ಲಾದಲ್ಲಿ ಹೀಗೇ. ನನ್ನ ತಂಗಿಯ ಮಗಳು ನನಗೆ ಬರೆದಿದ್ದಾಳೆ" ಎಂದೆ.

ಮರುದಿನ ಬೆಳಿಗ್ಗೆ ಹಂಡೆಗೆ ಒಂದು ಹನಿ ನೀರಿಲ್ಲ. ಹೋಗಿ ನೋಡಿದರೆ ನಮ್ಮ ಕೆಂಪು ದನ ಹುಲ್ಲಿನ ಆಸೆಗೆ ಗೋಣಿ ಹರಿದು, ಪೈಪನ್ನೂ ಎಳೆದು ಬಿಡಿಸಿ, ನೀರಿನಲ್ಲಿ ನೆನೆಯುತ್ತ ಮೆಲುಕು ಹಾಕುತ್ತಿತ್ತು. "ಬಾಣಂತಿಗಿಂತ ಮೊದಲು ದನಕ್ಕೇ ಸ್ನಾನವಾಯ್ತು" ಎಂದಳು ನಿನ್ನ ಅತ್ತೆ. ಈಗ ಹುಲ್ಲು ತೆಗೆದು ಬರೀ ಗೋಣಿ ಸುತ್ತಿದ್ದೇನೆ. ಊರಿನವರು ದಾರಿ ಬಿಟ್ಟು ಬಂದು ನೋಡಿ ಹೋಗುತ್ತಾರೆ.

ಕಳೆದ ವಾರ ಮೂಡಬಿದ್ರೆಯಲ್ಲಿ ನಿನ್ನ ಸಣ್ಣ ಮಾವ ಭೋಜನ ಹೊಸ ಬಚ್ಚಲನ್ನೂ ನೋಡಿದೆ. ಗೋಡೆಗೆಲ್ಲ ಬಿಳಿ ಟೈಲ್ಸು, ಮೇಲೆ ಟ್ಯಾಂಕಿ, ಕೈಯಿಟ್ಟಲ್ಲೆಲ್ಲ ನಳ್ಳಿ. ನೀರು ಕಾಯಿಸಲು ಕರೆಂಟಿನ ಡಬ್ಬ. ಬಚ್ಚಲೋ, ಮದುವೆ ಮಂಟಪವೋ! ಆಮೇಲೆ ತನ್ನ ಹೋಟೆಲಿನಲ್ಲಿ ಗಿರಾಕಿಗಳ ಎದುರೇ ಹೇಳಿದ: "ಅಣ್ಣಾ, ಪ್ರೇಮ ಬಾಣಂತನಕ್ಕೆ ನಮ್ಮಲ್ಲಿಗೇ ಬರುವುದಂತೆ, ಕಾಗದ ಹಾಕಿದ್ದಾಳೆ. ನಿಮ್ಮ ದಂಬೆಯ ನೀರನ್ನು ನಂಬಿ ಕೂತರೆ ಆದೀತಾ?"

ನಾನು ಬಿಡುವವನೇ? "ನಿನ್ನ ಸಾಂಬಾರಿಗೆ ಸುರಿದು ಉಳಿದರೆ ತಾನೇ ನಿನ್ನ ನಳ್ಳಿಗೆ ನೀರು?" ಎಂದೆ. ಗಿರಾಕಿಗಳು ನಕ್ಕರು. ಭೋಜನೂ ನಕ್ಕ. ಅದೇ ನನಗೆ ಆಗಲಿಲ್ಲ. ಗೆದ್ದವನ ನಗು ಅದು.

ಕೈಕಾಲು ತೊಳೆಯುವ ನೆಪದಲ್ಲಿ ಪುನಃ ಅವನ ಮನೆಗೆ ಹೋಗಿ ನಳ್ಳಿಗಳನ್ನೆಲ್ಲ ಸ್ವಲ್ಪ ಸ್ವಲ್ಪ ತಿರುಗಿಸಿಟ್ಟು ಬಸ್ಸು ಹತ್ತಿದೆ. ಅಷ್ಟರಲ್ಲಿ ಕರೆಂಟೂ ಹೋಗಿ ಪಂಪು ನಿಂತಿತು. ಟ್ಯಾಂಕಿ ಖಾಲಿಯಾಗಿ, ಭೋಜ ತಲೆಗೆ ಸೋಪು ಹಾಕಿಕೊಂಡು ಕಣ್ಣುಮುಚ್ಚಿ ನಿಂತಿದ್ದನಂತೆ! ಯಾರಿಗೂ ಹೇಳಬೇಡ. ಕರೆಂಟನ್ನು ನಂಬಿದ ನೀರಿನ ಹಣೆಬರಹ ನಿನಗೆ ತಿಳಿದಿರಲಿ ಎಂದು ಬರೆದೆ. ನನ್ನ ಒರತೆಗೆ ಗುಡ್ಡವೊಂದಿದ್ದರೆ ಸಾಕು.

ನಿನ್ನ ತಾಯಿ ಕಾಂತಿ ತೀರಿಕೊಂಡ ಮೇಲೆ ನೀನು ಬೆಳೆದದ್ದು ಈ ಮನೆಯಲ್ಲಿ. ಹೈಸ್ಕೂಲು ಹತ್ತಿರವೆಂದು ಭೋಜನಲ್ಲಿಗೆ ಕಳುಹಿಸಿದವನೂ ನಾನೇ. ಅವನು ಚೆನ್ನಾಗಿ ನೋಡಿಕೊಂಡ, ಇಲ್ಲವೆನ್ನುವುದಿಲ್ಲ. ಆದರೆ ಅಲ್ಲಿಗೆ ಹೋದಾಗ ನಿನಗೆ ಜಡೆ ಹಾಕಿಕೊಳ್ಳಲೂ ಬರುತ್ತಿತ್ತು, ಈಜಲೂ ಬರುತ್ತಿತ್ತು. ಅವನಿಗೆ ಸಿಕ್ಕಿದ್ದು ತಯಾರಾದ ಹುಡುಗಿ.

ಇರಲಿ. ಎಲ್ಲಿ ಅನುಕೂಲವೋ ಅಲ್ಲಿಗೆ ಬಾ, ನಾನು ಬಲವಂತ ಮಾಡುವವನಲ್ಲ. ಹಂಡೆಯನ್ನು ಹುಣಸೆಹುಳಿ ಹಾಕಿ ಉಜ್ಜಿಸಿದ್ದೇನೆ, ಮುಖ ನೋಡಿಕೊಳ್ಳಬಹುದು. ಬಚ್ಚಲ ಒಲೆಗೆ ತೆಂಗಿನ ಗರಿಯ ಒಣಗಿದ ಕೊತ್ತಳಿಗೆ ಮಾಡಿನವರೆಗೆ ಒಟ್ಟಿ ಆಗಿದೆ. ದೇವರು ನಿನಗೆ ಸುಖಪ್ರಸವ ಕೊಡಲಿ. ಮಗುವಿಗೆ ನಿನ್ನ ಬಣ್ಣ ಬರಲಿ, ಗಂಟಲು ಮಾತ್ರ ನನ್ನದು ಬರಲಿ.

ಇತಿ ನಿನ್ನ ದೊಡ್ಡ ಮಾವ,
ಅಣ್ಣು ಶೆಟ್ಟಿ

ಮರೆತ ಮಾತು: ಭೋಜ ಇನ್ನೊಂದನ್ನೂ ಹೇಳಿದ. 'ತಂದೆಯ ಸ್ಥಾನದಲ್ಲಿ ನಿಂತು ಸಾಕಿದವರು' ಎಂದು ಅವನಿಗೆ ಬರೆದಿದ್ದೀಯಂತೆ. ಮನೆಗೆ ಬಂದು ನನಗೆ ಬರೆದ ಕಾರ್ಡನ್ನು ಪುನಃ ತೆಗೆದು ನೋಡಿದೆ. 'ದೊಡ್ಡ ಮಾವನಿಗೆ ನಮಸ್ಕಾರ' ಎಂದು ಉಂಟು. ಅದೂ ಒಳ್ಳೆಯದೇ. ನೀನು ಹುಟ್ಟಿದ ವರ್ಷ ಮರ ಬಿದ್ದು ದಂಬೆಯೆಲ್ಲ ಮುರಿದುಹೋಗಿತ್ತು. ಕಾಂತಿಯ ಬಾಣಂತನ ಮುಗಿಯುವವರೆಗೆ ಗುಡ್ಡದಿಂದ ಹೆಗಲ ಮೇಲೆ ಕೊಡ ಹೊತ್ತು ಹಂಡೆ ತುಂಬಿಸಿದೆ. ನಿನ್ನ ಮೈಗೆ ಬಿದ್ದ ಮೊದಲ ನೀರು ಅದು. ಆ ಚಳಿಗಾಲ ಈ ಮನೆಗೆ ಪೈಪು ಅಂತ ಇದ್ದದ್ದು ನಾನೇ. ನನಗೆ ಯಾರೂ ಗೋಣಿ ಸುತ್ತಿರಲಿಲ್ಲ.