ಎಂಟನೆಯ ತಿಂಗಳ ಲಿಂಗ

ಮಸ್ಕಿ
೫ ಡಿಸೆಂಬರ್ ೨೦೨೪

ಅವ್ವನಿಗೆ ಶೈಲಜಾಳ ಶರಣು.

ವಾರದಿಂದ ನಿನ್ನ ಫೋನು ಎತ್ತಿಲ್ಲ, ತಪ್ಪಾಯಿತು. ಬಿಪಿ ಏರಿದೆ, ಸಿಟ್ಟು ಮಾಡಿಕೊಳ್ಳಬೇಡ ಎಂದಿದ್ದಾರೆ ಸಿಂಧನೂರಿನ ಡಾಕ್ಟರಮ್ಮ. ಫೋನಿನಲ್ಲಾದರೆ ಕೂಗಾಡಿಬಿಡುತ್ತೇನೆ, ಅದಕ್ಕೇ ಈ ಕಾಗದ. ನಿನ್ನ ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ?

ಈಗ ಜಗಳಕ್ಕೆ ಬರುತ್ತೇನೆ. ನನ್ನ ಬಸಿರು ಇನ್ನೊಬ್ಬಳ ಅಂಡಾಣುವಿನಿಂದ ನಿಂತದ್ದೆಂದು ನನಗೆ, ನಿನ್ನ ಅಳಿಯನಿಗೆ, ನಿನಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಎಂಟನೆಯ ತಿಂಗಳಲ್ಲಿ ಹೊಟ್ಟೆಯೊಳಗಿನ ಕೂಸಿಗೆ ಲಿಂಗ ಕಟ್ಟುವುದು ನಮ್ಮ ಪದ್ಧತಿ, ಸರಿ. ಅದಕ್ಕಾಗಿ ಲಿಂಗಸುಗೂರಿನ ಮದುವೆಯ ಪಂಕ್ತಿಯಲ್ಲಿ ಕೂತು ನಮ್ಮ ಗುರುಗಳನ್ನು ಕೇಳಬೇಕಿತ್ತೇ? ಅಯ್ಯನವರಿಗೆ ಕಿವಿ ಮಂದವೆಂದು ನಿನಗೆ ಗೊತ್ತಿಲ್ಲವೇ? "ಅಯ್ಯನೋರ, ಬ್ಯಾರೆಯಾಕಿ ತತ್ತೀಲೆ ಆದ ಕೂಸಿಗೆ ಲಿಂಗ ಕಟ್ಟಬಹುದೇನ್ರಿ?" ಎಂದು ನೀನು ಕೂಗಿದ್ದು ಹಪ್ಪಳ ಬಡಿಸುವವನಿಗೂ ಕೇಳಿಸಿತಂತೆ. ಎದುರಿಗೇ ನನ್ನ ಅತ್ತೆ ಕಸ್ತೂರೆಮ್ಮ!

ಅಯ್ಯನವರೇನೋ ನಕ್ಕು, "ಹೊಟ್ಟ್ಯಾಗಿನ ಕೂಸಿಗೆ ಎಂಥಾ ಕುಲ ಬೇ? ನಾ ಬಂದು ಕಟ್ಟತೀನಿ" ಅಂದರಂತೆ. ಅತ್ತೆ ಮಾತ್ರ ಮನೆಗೆ ಬಂದವರೇ, "ಯಾರದೋ ಪಿಂಡಕ್ಕ ನನ್ನ ಮನ್ಯಾಗ ಲಿಂಗ ಕಟ್ಟಾಂಗಿಲ್ಲ" ಎಂದು ಹಟ ಹಿಡಿದಿದ್ದಾರೆ. ನಿನ್ನ ಅಳಿಯ, "ಬಿಡು, ಆಕಿಗಿ ವಯಸ್ಸಾಗ್ಯಾದ" ಎನ್ನುತ್ತಾರೆ. ತಾಯಿಯ ಮುಂದೆ ಅವರಿಗೆ ನಾಲಿಗೆಯೇ ಏಳುವುದಿಲ್ಲ.

ಪಿಂಡವಂತೆ! ಡಾಕ್ಟರಮ್ಮ ಮೊದಲೇ ಹೇಳಿದ್ದರು: "ತತ್ತಿ ಸಣ್ಣ ವಯಸ್ಸಿನಾಕಿದು ಖರೆ, ಹಂಗಂತ ಆಗೇ ಆಗ್ತದ ಅನ್ಕೋಬ್ಯಾಡ್ರಿ. ಅರ್ಧ ಮಂದಿಗೆ ಮೊದಲ ಸಲ ನಿಲ್ಲಂಗಿಲ್ಲ. ನಿಂತ್ರೂ ಬಿಪಿ ಏರೋ ಅಂಜಿಕಿ ಜಾಸ್ತಿ." ನನಗೂ ಮೊದಲ ಸಲ ನಿಲ್ಲಲಿಲ್ಲ. ಅತ್ತೆಗೆ ಕೇಳಿಸದಿರಲೆಂದು ಬಚ್ಚಲಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಿದ್ದೆ. ಮತ್ತೆ ಸೊಂಟವೆಲ್ಲ ಗಂಟುಗಟ್ಟುವಷ್ಟು ಇಂಜೆಕ್ಷನ್ ಚುಚ್ಚಿಸಿಕೊಂಡೆ. ಈಗ ಕಾಲು ಬಾತು ಚಪ್ಪಲಿ ಹಿಡಿಯುತ್ತಿಲ್ಲ. ಬಿಪಿ ಇನ್ನೂ ಏರಿ ಫಿಟ್ಸ್ ಬಂದರೆ ಇಬ್ಬರ ಜೀವಕ್ಕೂ ಅಪಾಯ. ಕೂಸು ಯಾರದೋ ಆದರೆ, ಜೀವ ಒತ್ತೆಯಿಟ್ಟು ಕೂತಿರುವ ನಾನು ಯಾರು?

ಸೋಮವಾರ ಲಿಂಗ ಕಟ್ಟಿಸಿಯೇ ಕಟ್ಟಿಸುತ್ತೇನೆ. ಇಲ್ಲಿ ಬೇಡವಾದರೆ ಬಳಗಾನೂರಿನಲ್ಲಿ, ನಿನ್ನ ಪಡಸಾಲೆಯಲ್ಲಿ. ಅಯ್ಯನವರಿಗೂ ಹೇಳಿ ಕಳಿಸಿದ್ದೇನೆ. ಹೋಳಿಗೆ ಮಾಡು. ಶಿವ ನಿನ್ನನ್ನು ಗಟ್ಟಿಯಾಗಿಟ್ಟಿರಲಿ, ನಿನ್ನ ಬಾಯನ್ನು ಮಾತ್ರ ಸ್ವಲ್ಪ ಮುಚ್ಚಿಸಲಿ.

ನಿನ್ನ ಸಿಟ್ಟಿನ ಮಗಳು,
ಶೈಲಜಾ

ತಾ.ಕ.: ಅತ್ತೆಯ ಮಾತನ್ನು ಹೇಗೋ ನುಂಗಿಕೊಂಡೇನು. ಆದರೆ ತಂಗಿ ಐಶ್ವರ್ಯ ಬಸುರಿಯಾದಾಗ ಲಿಂಗ ಕಟ್ಟಬಹುದೇ ಎಂದು ನೀನು ಯಾರನ್ನೂ ಕೇಳಲಿಲ್ಲ. ಆಕೆಯ ಹೊಟ್ಟೆಗೆ ಕಿವಿಯಿಟ್ಟು ಕೂಸಿನ ಜೊತೆ ಮಾತಾಡುತ್ತಿದ್ದೆ. ನನ್ನ ಹೊಟ್ಟೆಯ ಮೇಲೆ ನೀನು ಇನ್ನೂ ಒಮ್ಮೆಯೂ ಕೈಯಿಟ್ಟಿಲ್ಲ, ಅವ್ವ.